ರಾಣಿಗೊಂದು ಕವರ್

ಭದ್ರಾವತಿಯ ಮಿಲ್ ಕ್ಲಬ್ಬು ಮುಚ್ಚಿದ ಮೇಲೆ
ಕೇರಂ ಕಾಯಿಗಳು ನನ್ನ ಪಾಲಿಗೆ ಬಂದವು,
ಹಾರ್ಲಿಕ್ಸ್ ಬಾಟಲಿಯಲ್ಲಿ.
ಎಣಿಸಿದೆ: ಹದಿನೇಳು.
ಎರಡು ಯಾರ ಜೇಬಿನಲ್ಲೋ.

ಬೈರಿಗೆ ತಿರುಗಿಸಿದರೆ
ಗೀರುಗಳಿಂದ ಇನ್ನೂ ಉದುರುತ್ತದೆ ಬೋರಿಕ್ ಪೌಡರು.
ನನ್ನ ಬೆರಳು ಬಿಳಿ,
ಆಗಿನ ಅಪ್ಪನ ಶರಟಿನ ತೋಳಿನ ಹಾಗೆ.

ಕ್ಯಾಂಟೀನಿನ ಜಸಿಂತಾ ಬಂದವಳೇ
ಕೆಂಪನ್ನು ಆರಿಸಿದಳು.
ಹಿತ್ತಾಳೆ ಕೊಂಡಿ ಹಾಕಿ, ಕಪ್ಪು ದಾರ ಪೋಣಿಸಿ ಕೊಟ್ಟೆ.
ಕನ್ನಡಿ ನೋಡಿಕೊಂಡು ಬಿಚ್ಚಿಟ್ಟಳು.
"ಬರೀ ರಾಣಿ ನಿಲ್ಲಲ್ಲ ಕಣೆ,
ವಾಪಸ್ ಇಡಬೇಕಾಗುತ್ತೆ.
ಹಿಂದೆಯೇ ಕವರ್ ಬೀಳ್ಬೇಕು."

ಆ ಬೋರ್ಡಿಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ.
ಟೀ ಲೋಟ ಹಿಡಿದು ನಿಂತಲ್ಲೇ
ಕಲಿತಿದ್ದಾಳೆ ಆಟ.

ಅಂಚು ಸೀಳಿದ ಒಂದು ಬಿಳಿ ಕಾಯಿ ಹುಡುಕಿ
ರಾಣಿಯ ಕೆಳಗೆ ತೂಗುಬಿಟ್ಟೆ.

ಅವಳು ನಡೆದರೆ
ಟಕ್ ಅನ್ನುತ್ತೆ.