ಬುಟ್ಟಿಗೆ ಬೆನ್ನು ಕೊಟ್ಟು

ಬೆಳಿಗ್ಗೆ ಆರಕ್ಕೆ ಕೋರ್ಟಿನ ತುಂಬ ಮರಳು.
ರಾತ್ರಿಯ ಗಾಳಿ ದಡ ದಾಟಿ, ಹೆದ್ದಾರಿ ದಾಟಿ,
ಕಾಲೇಜಿನ ಗೋಡೆ ಹಾರಿ ತಂದು ಸುರಿದದ್ದು.
ಗುಡಿಸುವುದು ನನ್ನ ಕೆಲಸ.
ಇಪ್ಪತ್ತಾರು ವರ್ಷ ಗುಡಿಸಿದೆ,
ಪೂರ್ತಿ ಹೋಯಿತು ಅಂತ ಒಂದು ದಿನವೂ ಹೇಳಲಾರೆ.

ಅವಳು ಬಂದ ದಿನ ಕ್ರೀಡಾಕೋಣೆಯ ಬಾಗಿಲಿಗೆ
ಹಣೆ ಬಡಿಸಿಕೊಂಡಳು.
"ಹೆಸರು?"
"ಶೇವಂತಿ ತಾಂಡೇಲ."
"ಊರು?"
"ಮೊದಲು ಅರ್ಗಾ. ಈಗ ತೋಡೂರು."
ಆ ಎರಡರ ನಡುವೆ ಏನಾಯಿತೆಂದು
ಕಾರವಾರದಲ್ಲಿ ಯಾರೂ ಕೇಳುವುದಿಲ್ಲ.
ಬೇಲಿಯಾಚೆ ಬೂದು ಹಡಗು ನಿಂತಿವೆ, ಕಾಣುತ್ತದಲ್ಲ.

ಆರಡಿ ಎರಡಿಂಚು.
ಮೇಡಮ್ಮು ಟೇಪು ಎರಡು ಸಲ ಹಿಡಿದು ನೋಡಿದರು,
ಮೂರನೆಯ ಸಲ ನಕ್ಕುಬಿಟ್ಟರು.

ರಿಂಗಿನ ಬಲೆ ಹರಿದು ವರ್ಷವಾಗಿತ್ತು,
ಹೊಸದಕ್ಕೆ ಕೊಟ್ಟ ಅರ್ಜಿ ಯಾವ ಮೇಜಿನಲ್ಲೋ.
ಒಂದು ಭಾನುವಾರ ಅವಳಪ್ಪ ನೀಲಿ ನೈಲಾನು ತಂದು
ಏಣಿ ಹತ್ತಿ, ಬೀಡಿ ಆರಲು ಬಿಡದೆ,
ಹನ್ನೆರಡು ಕೊಕ್ಕೆಗೂ ಹೆಣೆದು ಇಳಿದ.
ಕಣ್ಣು ತುಸು ಸಣ್ಣದಾಯಿತು.
ಚೆಂಡು ಒಳಗೆ ಒಂದು ಗಳಿಗೆ ಸಿಕ್ಕಿ, ಯೋಚಿಸಿ
ಆಮೇಲೆ ಬೀಳುತ್ತಿತ್ತು.
ಕುಮಟೆಯ ತಂಡ ತಕರಾರು ತೆಗೆಯಿತು.
ನಾವು ಬದಲಿಸಲಿಲ್ಲ.

ತಾಯಿ ಒಮ್ಮೆ ಬಂದಿತ್ತು, ಬಾಂಗಡೆ ಮಾರಿ ಮುಗಿಸಿ,
ತಲೆಯ ಬುಟ್ಟಿ ಇಳಿಸದೆ ಗೇಟು ಹಿಡಿದು ನಿಂತು
ನನ್ನನ್ನೇ ಕೇಳಿತು:
"ತಳ ಇಲ್ಲದ ಬುಟ್ಟಿಗೆ ಹಾಕಿದ್ದೇ ಹಾಕಿದ್ದು,
ಸಂಜೆಗೆ ಏನು ಉಳೀತದೆ ಹೇಳು?"
ನನಗೆ ಉತ್ತರ ಹೊಳೆಯಲಿಲ್ಲ.

ಸೆಂಟರ್ ಅಂದರೆ ನನಗೆ ತಿಳಿದದ್ದು ಇಷ್ಟು:
ಬುಟ್ಟಿಗೆ ಬೆನ್ನು ಕೊಟ್ಟು ನಿಲ್ಲಬೇಕು.
ಊರೆಲ್ಲ ನೋಡುವುದನ್ನು ತಾನು ನೋಡಬಾರದು.
ಬೆನ್ನಿಗೆ ಒಬ್ಬಳ ಮೊಣಕೈ, ಸೊಂಟಕ್ಕೆ ಇನ್ನೊಬ್ಬಳ ತೋಳು,
ಕೈಯೆತ್ತಿ ಕಾಯಬೇಕು, ಚೆಂಡು ಬರಬಹುದು, ಬಾರದಿರಬಹುದು.
ಬಣ್ಣ ಬಳಿದ ಆ ಚೌಕದಲ್ಲಿ
ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಸೀಟಿ.
ಈ ನಿಯಮ ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ.
ಒಂದು, ಎರಡು, ಹೆಜ್ಜೆ ಹೊರಗೆ.
ಮತ್ತೆ ಒಳಗೆ.

ಧಾರವಾಡದ ಫೈನಲ್ಲಿಗೆ ನಾನೂ ಹೋದೆ, ನೀರಿನ ಕ್ಯಾನು ಹೊತ್ತು.
ಮೂವತ್ತೊಂದು ಪಾಯಿಂಟು, ಇಪ್ಪತ್ತೆರಡು ರಿಬೌಂಡು.
ಬಸ್ಸು ಅರಬೈಲು ಘಟ್ಟ ಇಳಿಯುವಾಗ
ಎಲ್ಲರೂ ಹಾಡಿದರು, ಅವಳು ವಾಂತಿ ಮಾಡಿದಳು.

ಆಮೇಲೆ ಹುಬ್ಬಳ್ಳಿಯ ರೈಲ್ವೆ ತಂಡ.
ಆಮೇಲೆ ಚೆನ್ನೈನ ಕ್ಲಬ್ಬು, ಹದಿನಾಲ್ಕು ಪುಟದ ಕರಾರು,
ಅದರಲ್ಲಿ ಒಂದು ಪುಟ ಬರೀ ಅವಳ ಮಂಡಿಗೆ.
ಮೊದಲ ಕಂತಿನಲ್ಲಿ ಅಪ್ಪನ ದೋಣಿಗೆ ಇಂಜಿನ್ನು.
ತಾಯಿ ಮಾರುಕಟ್ಟೆ ಬಿಡಲಿಲ್ಲ, ಕೂರಲು ಒಂದು ಮಣೆ ಮಾಡಿಸಿಕೊಂಡಿತು.

ರಾತ್ರಿ ಫೋನು ಮಾಡುತ್ತಿದ್ದಳು:
"ಇಲ್ಲಿ ನೆಲ ಮರದ್ದು ಮಾಮ, ಕನ್ನಡಿ ಹಾಗೆ.
ಬಿದ್ದರೂ ಚರ್ಮ ಸುಲಿಯೋದಿಲ್ಲ.
ಆದ್ರೆ ತಿರುಗುವಾಗ ಕಾಲು ಜಾರೋದೇ ಇಲ್ಲ."
ನಾನು ಒಳ್ಳೆಯದಾಯಿತಲ್ಲ ಅಂದೆ.

ಮೂರನೆಯ ಸೀಸನ್ನಿನಲ್ಲಿ, ಟೀವಿಯಲ್ಲಿ, ಎಲ್ಲರ ಕಣ್ಣೆದುರು
ಅವಳು ತಿರುಗಿದಳು. ಶೂ ತಿರುಗಲಿಲ್ಲ.
ಡಾಕ್ಟರು ಉದ್ದನೆಯ ಹೆಸರೊಂದು ಹೇಳಿದರಂತೆ.
ನನಗೆ ಕೇಳಿಸಿದ್ದು ಬೇರೆ:
ನಾನು ಗುಡಿಸದೆ ಬಿಟ್ಟ ಮರಳಿನ ಮೇಲೆ
ಅವಳು ತಿರುಗಲು ಕಲಿತದ್ದು.
ಇನ್ನಷ್ಟು ಬಗ್ಗಿ ಗುಡಿಸಿದ್ದರೆ?
ಅಥವಾ, ಗುಡಿಸಿದ್ದರೆ ಆ ಆಟವೇ ಬರುತ್ತಿರಲಿಲ್ಲವೋ.
ಇದನ್ನು ಯಾರ ಹತ್ತಿರ ಕೇಳುವುದು.

ಒಂಬತ್ತು ತಿಂಗಳಾದ ಮೇಲೆ ಮತ್ತೆ ಆಡಿದಳು,
ಪಂದ್ಯಕ್ಕೆ ಹತ್ತು ನಿಮಿಷ, ಬೆಂಚಿನಿಂದ ಎದ್ದು ಬಂದು.
ಈಗಲೂ ಹಾಗೇ. ಸಂಬಳ ಅರ್ಧ.
"ಹತ್ತು ನಿಮಿಷಕ್ಕೆ ಅಷ್ಟು ಕೊಡ್ತಾರಾ?" ಅಂತ
ತಾಯಿಗೆ ಈಗ ಆಟದ ಮೇಲೆ ಗೌರವ.

ಹೋದ ಜೂನಿನಲ್ಲಿ, ದೋಣಿಗಳೆಲ್ಲ ದಡಕ್ಕೆ ಎಳೆದಿದ್ದಾಗ,
ಬೆಳಿಗ್ಗೆ ಗೇಟಿನಲ್ಲಿ ಅವಳು.
ಮಂಡಿಗೆ ಕಪ್ಪು ಪಟ್ಟಿ, ಕೈಯಲ್ಲಿ ಹಳೆಯ ಚೆಂಡು.
"ಇವತ್ತು ಗುಡಿಸಬೇಡ ಮಾಮ."

ಉತ್ತರದ ರಿಂಗಿಗೆ ಬೆನ್ನು ಕೊಟ್ಟು ನಿಂತಳು.
ಹಾಗೆ ನಿಂತರೆ ಮುಖ ಅರ್ಗಾದ ಕಡೆಗೆ.
ಮೂರಾಯಿತು, ನಾಲ್ಕಾಯಿತು.
ಸೀಟಿ ನನ್ನ ಜೇಬಿನಲ್ಲೇ ಇತ್ತು.
ಹನ್ನೊಂದರವರೆಗೆ ಎಣಿಸಿ
ಪೊರಕೆಯನ್ನು ಗೋಡೆಗೆ ಒರಗಿಸಿದೆ.