ಕೆಂಪು ಬಲಕ್ಕೆ, ನೀಲಿ ಎಡಕ್ಕೆ

ಹದಿನೆಂಟು ವರ್ಷದಿಂದ ನನ್ನ ಕೆಲಸ
ಬೇರೆಯವರ ಕಿವಿಗೆ ಹೆಡ್‌ಫೋನು ತೊಡಿಸುವುದು.
ಮಾನಸಗಂಗೋತ್ರಿಯ ಮಗ್ಗುಲಲ್ಲಿ
ಗೋಡೆಗೆಲ್ಲ ಸ್ಪಂಜು ಹೊದಿಸಿದ ಬೀರುವಿನಂಥ ಕೋಣೆ.
ಕೆಂಪು ಬಲಕ್ಕೆ, ನೀಲಿ ಎಡಕ್ಕೆ.
ಓಲೆ ಬಿಚ್ಚಿಡಿ ಅಮ್ಮ, ತುರುಬು ಸ್ವಲ್ಪ ಸಡಿಲಿಸಿ,
ಎಷ್ಟು ಸಣ್ಣಗೆ ಕೇಳಿದರೂ ಸರಿ, ಕೇಳಿದ ಕೂಡಲೇ ಗುಂಡಿ ಒತ್ತಿ.
ಬನ್ನೂರಿನ ಕೆಂಪಾಜಮ್ಮ ಏನೂ ಕೇಳದೆಯೂ ಒತ್ತುತ್ತಿದ್ದಳು,
'ಪಾಪ, ನಿಮಗೆ ಬೇಜಾರಾಗಬಾರದಲ್ಲ' ಅಂತ.

ಈ ಶನಿವಾರ ನನ್ನ ಕಿವಿಯ ಸರದಿ.
ಚೀಟಿ ಎತ್ತಿದ ದುಡ್ಡು, ನಲವತ್ತೆರಡು ಸಾವಿರ,
ಬ್ಯಾಗಿನ ಒಳಜೇಬಲ್ಲಿ. ಮನೆಯಲ್ಲಿ ಹೇಳಿದ್ದು
ಮಿಕ್ಸಿ ರಿಪೇರಿಗೆ ಹೋಗಿಬರ್ತೀನಿ ಅಂತ.
ಇರ್ವಿನ್ ರಸ್ತೆ, ಕನ್ನಡಕದಂಗಡಿಯ ಮೇಲೆ
ಮರದ ಮೆಟ್ಟಿಲು ಹತ್ತಿದರೆ ತಬ್ರೇಜನ ಕೋಣೆ.

'ಭಾವಗೀತೆಗಾದ್ರೆ ಇದು ಬೆಣ್ಣೆ ಮೇಡಂ.'
'ರಾಕ್' ಅಂದೆ.
ಅವನು ನನ್ನ ಮಲ್ಲಿಗೆ ನೋಡಿದ, ಗಂಜಿ ಹಾಕಿದ ಸೀರೆ ನೋಡಿದ.
'ಮಗನಿಗಾ?'
'ನನಗೆ.'
'ಹಂಗಾದ್ರೆ ಕೂತ್ಕೊಳ್ಳಿ' ಅಂದು ಫ್ಯಾನು ಆರಿಸಿದ.

ನನ್ನ ಪರೀಕ್ಷೆಗೆ ಒಂದೇ ಹಾಡು.
ಹಾಸ್ಟೆಲಿನಲ್ಲಿ ಫ್ಲಾವಿಯಾ ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸಿಕೊಟ್ಟದ್ದು,
ಚೀಟಿಯ ಮೇಲೆ ಹೆಸರಿಲ್ಲ, ಬರೀ 'ಜೋರಾಗಿ' ಅಂತ ಬರೆದಿದ್ದಳು.
ವಾರ್ಡನ್ ಮಲಗಿದ ಮೇಲೆ, ಹೊದಿಕೆಯೊಳಗೆ,
ವಾಕ್‌ಮನ್ನಿನ ಸ್ಪಂಜು ಉದುರಿದ ಕಿವಿಬಿಲ್ಲೆಯಲ್ಲಿ
ಗಿಟಾರೆಂದರೆ ಜೀರುಂಡೆ,
ಡ್ರಮ್ಮೆಂದರೆ ಗೋಡೆಯಾಚೆಗಿನ ರುಬ್ಬುಗುಂಡು.
ಸಾಲದೆ ಹತ್ತರ ತನಕ ತಿರುಗಿಸುತ್ತಿದ್ದೆವು,
ಸೆಲ್ಲು ಸಾಯುವ ತನಕ, ಮೂರು ವರ್ಷ.

ಮೊದಲನೆಯದು ಬಲು ಸ್ವಚ್ಛ.
ಕಿರುಚುವ ಮುನ್ನ ಹಾಡುಗಾರ ಎಂಜಲು ನುಂಗಿದ್ದು,
ಯಾರೋ ಕುರ್ಚಿ ಸರಿಸಿದ್ದು, ಎಲ್ಲ ತಪಶೀಲು.
ಸಿಟ್ಟೊಂದೇ ಇಲ್ಲ;
ಕೋರ್ಟಿನಲ್ಲಿ ಓದಿ ಹೇಳಿದ ಬೀದಿಜಗಳದ ಹಾಗೆ.
ಎರಡನೆಯದು ಬರೀ ಗುಡುಗುಡು,
ಮದುವೆ ಟೆಂಪೋದ ಹಿಂದೆ ಸಿಕ್ಕಿಬಿದ್ದ ಸ್ಕೂಟರಿನವನ ಎದೆ.
ಮೂರನೆಯದರ ಬೆನ್ನು ತೆರೆದಿತ್ತು. ಉಕ್ಕಿನ ಜಾಲರಿ.
ಒಳಗಿನದು ಹೊರಗೆ, ಹೊರಗಿನದು ಒಳಗೆ,
ಇರ್ವಿನ್ ರಸ್ತೆಯ ಸಿಟಿ ಬಸ್ಸು
ಸರಿಯಾದ ಕಡೆ ಹಾರನ್ ಹೊಡೆದು ಹೋಯಿತು.
ಗಿಟಾರಿಗೆ ಹಲ್ಲಿದ್ದವು.
ಇದೇ, ಅಂದುಕೊಂಡೆ.

ಆದರೆ ಎಡಗಡೆ, ಸಿಂಬಲ್ಲಿನ ಅಂಚಿಗೆ
ಯಾರೋ ಸೆರಗು ಹೊದಿಸಿದ್ದರು.
'ತಬ್ರೇಜ್, ಇದರ ಎಡ ಮಂಕು.'
ವೈರು ಬದಲಿಸಿದ. ಪಿನ್ನು ಊದಿದ. ಇನ್ನೊಂದು ಪೀಸು ತೆಗೆದ.
ಅದೂ ಮಂಕು.
ಅವನು ಚಾಗೆ ಹೇಳಲು ಕೆಳಗಿಳಿದಾಗ
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ
ತಿರುಗಿಸಿ ತೊಟ್ಟೆ.
ಸಿಂಬಲ್ಲು ಬಲಗಿವಿಗೆ ಬಂದು
ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯಿತು.
ಮಂಕು ಮಾತ್ರ ಹೆಡ್‌ಫೋನಿನ ಜತೆ ತಿರುಗಲಿಲ್ಲ,
ಎಡದಲ್ಲೇ, ನನ್ನ ಜತೆಯೇ ಉಳಿಯಿತು.

ನಾಲ್ಕು ಸಾವಿರ ಹರ್ಟ್ಸ್. ಆ ಗುಂಡಿಯ ವಿಳಾಸ ನನಗೆ ಗೊತ್ತು.
ಮರದ ಮಿಲ್ಲಿನವರಿಗೆ, ಕಬ್ಬಿನ ಗಾಣದ ಇಂಜಿನ್ನಿನವರಿಗೆ
ನೀಲಿ ಗೆರೆಯನ್ನು ಅಲ್ಲಿ ಕೆಳಗಿಳಿಸಿ ಇಳಿಸಿ
ನನ್ನ ಪೆನ್ನಿಗೇ ಪಾಠವಾಗಿದೆ.
ಎಷ್ಟು ವರ್ಷದಿಂದ, ದಿನಕ್ಕೆಷ್ಟು ಗಂಟೆ, ಕೇಳುವವಳು ನಾನೇ.
ಫ್ಲಾವಿಯಾ ಬರೆದಿದ್ದಳಲ್ಲ, ಚೀಟಿಯ ಮೇಲೆ.

ಚಾ ಬಂತು. 'ಬೇರೆ ಪೀಸು ತರಿಸ್ಲಾ ಮೇಡಂ, ಬೆಂಗಳೂರಿಂದ?'
'ಬೇಡ. ಇದು ಸರಿಯಿದೆ.'
ಯಾಕೋ ಒಂದೂವರೆ ಸಾವಿರ ಬಿಟ್ಟ.

ಬೆನ್ನು ತೆರೆದದ್ದು, ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ.
ಹಾಗಾಗಿ ಅಡುಗೆಮನೆಯ ನೆಲ, ಇನ್ನೂ ಕೆಟ್ಟೇ ಇರುವ ಮಿಕ್ಸಿಯ ಪಕ್ಕ.
ಸಣ್ಣಗೆ ಇಡುತ್ತೇನೆ ಈಗ.
ಆ ಒಂದು ಹಾಡಿಗೆ ಮಾತ್ರ ತಿರುಗಾಮುರುಗಾ ತೊಡುತ್ತೇನೆ,
ಡ್ರಮ್ಮಿನವನು ಎಡಚನಾಗುತ್ತಾನೆ, ಆಗಲಿ.
ಸಿಂಬಲ್ಲು ಬಂದಾಗಲೆಲ್ಲ ಹೆಬ್ಬೆರಳು
ತಾನಾಗಿ ನೆಲ ಒತ್ತುತ್ತದೆ;
ಒಮ್ಮೊಮ್ಮೆ, ಏನೂ ಕೇಳದಿದ್ದರೂ.