ಮೂರು ಪಾಲು, ಮತ್ತೊಂದು ಚೂರು

ಹತ್ತಡಿ ಅಗಲದ ಬಳೆ ಬೇಕೆಂದರು ನಾಟಕದವರು.
ಬಳೆ ಎಂದೇ ಅಂದರು. ಮೂರು, ಒಂದರೊಳಗೊಂದು,
ಪಾತಾಳದ ರಾಣಿ ಅವುಗಳ ನಡುವಿನಿಂದ ಬರುತ್ತಾಳಂತೆ.

ಇದ್ದಿನಬ್ಬಾಕ ಕಿವಿಯ ಪೆನ್ಸಿಲು ತೆಗೆಯಲೂ ಇಲ್ಲ.
"ಅಡ್ಡಗಲದ ಮೂರು ಪಾಲು, ಮತ್ತೊಂದು ಚೂರು."
ಎಷ್ಟು ಚೂರು?
"ಅದು ಪೂರಾ ಯಾರಿಗೂ ಗೊತ್ತಿಲ್ಲ ಮಾರಾಯ,
ಕೊಯ್ಯುವಾಗ ಒಂದು ನೂಲು ಹೆಚ್ಚೇ ಇಡು."

ಬಂದರಿನಿಂದ ಇಪ್ಪತ್ತಡಿಯ ಪೈಪು ಬಂತು.
ಯೆಯ್ಯಾಡಿಯ ಶೆಡ್ಡಿನ ನೆಲಕ್ಕೆ ಮೊಳೆ ಹೊಡೆದು, ದಾರ ಕಟ್ಟಿ
ಸೀಮೆಸುಣ್ಣದಲ್ಲಿ ವೃತ್ತ ಬರೆದೆವು.
ಬೆಕ್ಕು ಬಂದು ಅದರೊಳಗೆ ಮಲಗಿತು
ತನಗೆಂದೇ ಮನೆ ಕಟ್ಟಿದ ಹಾಗೆ.

ಗೂಟಗಳ ನಡುವೆ ತೂರಿಸಿ, ಗೇಣಿಗೊಂದು ಒತ್ತು.
ಜಾಸ್ತಿ ಒತ್ತಿದರೆ ಮೂಲೆ ಬೀಳುತ್ತದೆ,
ಕಡಿಮೆಯಾದರೆ ಅದಕ್ಕೆ ಮತ್ತೆ ನೆಟ್ಟಗಾಗುವ ಹಟ.
ಎರಡು ದಿನ ಅದು ಮೊಟ್ಟೆ.
ಮೂರನೆಯ ಸಂಜೆ ಸುಣ್ಣದ ಗೆರೆಯ ಮೇಲೆ ಕೂತಿತು,
ಗೆರೆ ಕಾಣಲಿಲ್ಲ.

ಕಡಲ ಗಾಳಿಗೆ ಬರಿಯ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗುವ ಊರು ಇದು,
ರಾತ್ರಿಯೇ ಪ್ರೈಮರ್ ಹಚ್ಚಬೇಕು.
ಅದಕ್ಕೂ ಮೊದಲು ಬೆಸುಗೆಯ ಗುಳ್ಳೆ ನಾನೇ ಉಜ್ಜಿದೆ.
ಕಣ್ಣು ಮುಚ್ಚಿ ಒಂದು ಸುತ್ತು ಬೆರಳಾಡಿಸಿದೆ:
ಎಲ್ಲಿ ಶುರು, ಎಲ್ಲಿ ಕೊನೆ,
ಸಿಗಲಿಲ್ಲ.
ತಗಡಿನ ಎಪ್ಪತ್ತೆರಡು ಎಲೆ ಅಂಟಿಸಿದೆವು.
ಒಂದು ಎಲೆ ನನ್ನ ಹೆಬ್ಬೆರಳನ್ನೂ ಕೊಯ್ದಿತು.

ಟೆಂಪೋ ತಂದ ಬೊನಿಫಾಸ್ ಕೇಳಿದ,
"ಬಾಗಿಲು ಎಷ್ಟು ಅಗಲ ಉಂಟು?"

ಯಾರೂ ಮಾತಾಡಲಿಲ್ಲ.

ಆರು ಅಗಲ, ಏಳು ಎತ್ತರ.
ಒಳಗಿನೆರಡು ಬಳೆ ಓರೆಯಾಗಿ ನುಸುಳಿ ಹೋದವು.
ದೊಡ್ಡದು ಅಡ್ಡ ಹಿಡಿದರೂ ಇಲ್ಲ, ಓರೆ ಹಿಡಿದರೂ ಇಲ್ಲ.
ಹೊರಗೆ ಬೊನಿಫಾಸ್ ನಕ್ಕು ನಕ್ಕು ಚಕ್ರಕ್ಕೆ ಒರಗಿದ್ದ.

ಇದ್ದಿನಬ್ಬಾಕ ನನ್ನನ್ನು ಕೇಳಲಿಲ್ಲ,
ನನಗೆ ಬೆನ್ನು ಹಾಕಿ ಕೂತು ಯಂತ್ರ ಹಚ್ಚಿದರು.
ಬ್ಲೇಡು ಆಚೆ ಬದಿ ಮುಟ್ಟಿತೋ ಇಲ್ಲವೋ,
ಟಣ್ ಎಂದು ಬಳೆ ತಾನಾಗಿ ಬಿಚ್ಚಿಕೊಂಡಿತು,
ಎರಡು ಬೆರಳು ತೂರುವಷ್ಟು.
ಬ್ಲೇಡು ತಿಂದದ್ದು ಅಷ್ಟಿಲ್ಲ.

"ನೋಡು," ಎಂದರು ಆ ಸಂದಿಗೆ ಬೆರಳಿಟ್ಟು,
"ನೀನು ಕೇಳಿದ ಚೂರು."

ಟೌನ್‌ಹಾಲಿನಲ್ಲಿ ತೋಳು ತೊಡಿಸಿ, ಬೋಲ್ಟು ಬಿಗಿದು,
ಚಿನ್ನದ ಬಣ್ಣ ಇನ್ನೂ ಹಸಿಯಿರುವಾಗಲೇ ಪರದೆ ಎದ್ದಿತು.
ರಾಣಿಯ ಸೆರಗು ಒಂದು ಎಲೆಗೆ ಸಿಕ್ಕಿತು.
ಅವಳು ಜಗ್ಗಿದಳು, ಮೂರೂ ಬಳೆ ನಡುಗಿದವು,
ಮಾಯೆಯೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.
ನಾನು ಕಡೆಯ ಸಾಲಿನಲ್ಲಿ ನಿಂತು
ಅವಳ ಎಡಗಡೆ, ಭುಜದ ಎತ್ತರದಲ್ಲಿ,
ಅಲ್ಲೊಂದನ್ನೇ ನೋಡುತ್ತಿದ್ದೆ.

ಉಳಿದ ಎಂಟಡಿ ಪೈಪು
ಇದ್ದಿನಬ್ಬಾಕನ ಮನೆಯ ಹಿಂದೆ ಬಟ್ಟೆ ಒಣಗಿಸುತ್ತಿದೆ,
ನೆಟ್ಟಗೆ,
ಕೆಂಪಗೆ.
ಮಳೆಗಾಲಕ್ಕೆ ಮೊದಲು ಬಣ್ಣ ಕೊಡು ಎನ್ನುತ್ತಾರೆ ಮೈಮೂನತ್ತ,
ಪ್ರತಿ ವರ್ಷ.